ಓದುಗರ ಪ್ರಶ್ನೆ, ಅಂಕಣಕಾರರ ಉತ್ತರ: ವಿನ್ನಿ ಕೂಪರ್ ಆಗಿದ್ದ ಹುಡುಗಿ ಮತ್ತು ಒಂದು ಪ್ರಮೇಯ

ಎರಡು ಸಂಚಿಕೆಗಳ ಹಿಂದೆ ಇದೇ ಅಂಕಣದಲ್ಲಿ ಬಾಲನಟರ ಕುರಿತ ಪ್ರಶ್ನೆಯೊಂದಕ್ಕೆ ಉತ್ತರಿಸಿದ್ದೆ. ಅಮೆರಿಕದ ‘ದಿ ವಂಡರ್ ಇಯರ್ಸ್’ ಧಾರಾವಾಹಿಯಲ್ಲಿ ವಿನ್ನಿ ಕೂಪರ್ ಪಾತ್ರ ಮಾಡಿದ್ದ ಡಾನಿಕಾ ಮೆಕೆಲರ್ ಅವರ ಹೆಸರಿನಲ್ಲಿ ಗಣಿತದ ಪ್ರಮೇಯವೊಂದಿದೆ ಎಂದು ಅಲ್ಲಿ ಒಂದು ಸಾಲು ಬರೆದಿದ್ದೆ. ಆ ಒಂದು ಸಾಲಿಗೆ ಬಂದಷ್ಟು ಪತ್ರಗಳು ಉಳಿದ ಇಡೀ ಪುಟಕ್ಕೆ ಬರಲಿಲ್ಲ. ಹಾಗಾಗಿ ಈ ಸಲದ ಅಂಕಣವನ್ನು ಅವರೊಬ್ಬರಿಗೇ ಮೀಸಲಿಟ್ಟಿದ್ದೇನೆ. ಒಂದೇ ವಿಷಯ ಕೇಳಿದ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆಯಾಗಿಸಿದ್ದೇನೆ.

ಪ್ರಶ್ನೆ: ಶಾಲೆಯ ದಿನಗಳಲ್ಲಿ ಕೇಬಲ್ ಟಿವಿಯಲ್ಲಿ ಆ ಧಾರಾವಾಹಿಯನ್ನು ನೋಡಿದ ನೆನಪು ಇನ್ನೂ ಹಸಿರಾಗಿದೆ. ವಿನ್ನಿಯ ಪಾತ್ರಕ್ಕೆ ಈ ಹುಡುಗಿ ಸಿಕ್ಕಿದ್ದು ಹೇಗೆ? ಧಾರಾವಾಹಿ ಮುಗಿದಾಗ ಅವರಿಗೆ ಎಷ್ಟು ವಯಸ್ಸು? (ಮೈಸೂರಿನ ಓದುಗರು)

ಉತ್ತರ: ಡಾನಿಕಾ ಮೆಕೆಲರ್ ಹುಟ್ಟಿದ್ದು 1975ರ ಜನವರಿ 3ರಂದು, ಕ್ಯಾಲಿಫೋರ್ನಿಯಾದ ಲಾ ಹೋಯಾದಲ್ಲಿ. ಎಳವೆಯಲ್ಲೇ ಕುಟುಂಬ ಲಾಸ್ ಏಂಜಲೀಸ್‌ಗೆ ಬಂದಿತು. ಅಲ್ಲಿ ಮಕ್ಕಳ ಅಭಿನಯದ ತರಗತಿಗೆ ಹೋಗುತ್ತಿದ್ದ ಅವರು ‘ಟ್ವೈಲೈಟ್ ಜೋನ್’ ಸರಣಿಯಂಥ ಕಡೆ ಒಂದೆರಡು ಸಣ್ಣ ಪಾತ್ರಗಳನ್ನು ಮಾಡಿದ್ದರು. ವಿನ್ನಿಯ ಪಾತ್ರದ ಆಯ್ಕೆ ನಡೆದಾಗ ಕೊನೆಯ ಸುತ್ತಿಗೆ ಉಳಿದವರಲ್ಲಿ ಡಾನಿಕಾ ಜೊತೆ ಅವರ ತಂಗಿ ಕ್ರಿಸ್ಟಲ್ ಕೂಡ ಇದ್ದರು. ಅಕ್ಕನಿಗೆ ಪಾತ್ರ ಸಿಕ್ಕಿತು. ತಂಗಿಯ ಅಭಿನಯವೂ ಮೆಚ್ಚುಗೆಯಾಗಿದ್ದರಿಂದ ಮುಂದೆ ಬೆಕಿ ಸ್ಲೇಟರ್ ಎಂಬ ಪಾತ್ರವನ್ನು ಅವರಿಗೆ ಕೊಟ್ಟರು. ಕಥಾನಾಯಕ ಕೆವಿನ್‌ನ ಬೆನ್ನು ಹತ್ತಿ ಸೇಡು ತೀರಿಸಿಕೊಳ್ಳುವ ಆ ಹುಡುಗಿಯನ್ನು ನೋಡಿ ನಕ್ಕವರಲ್ಲಿ ಬಹಳ ಜನರಿಗೆ ಇವರಿಬ್ಬರು ಅಕ್ಕತಂಗಿಯರೆಂದು ತಿಳಿದಿರಲಿಕ್ಕಿಲ್ಲ. ಕ್ರಿಸ್ಟಲ್ ಮುಂದೆ ಹಾರ್ವರ್ಡ್‌ನಲ್ಲಿ ಕಾನೂನು ಓದಿ ವಕೀಲರಾದರು.

ಧಾರಾವಾಹಿಯ ಮೊದಲ ಕಂತು 1988ರ ಜನವರಿ 31ರಂದು, ಅಮೆರಿಕದ ಅತಿ ದೊಡ್ಡ ಫುಟ್‌ಬಾಲ್ ಪಂದ್ಯವಾದ ಸೂಪರ್ ಬೌಲ್ ಮುಗಿದ ಬೆನ್ನಿಗೇ ಎಬಿಸಿ ವಾಹಿನಿಯಲ್ಲಿ ಪ್ರಸಾರವಾಯಿತು. ಬರೀ ಆರು ಕಂತುಗಳ ಮೊದಲ ಋತುವಿಗೇ (ಸೀಸನ್ನಿಗೇ) ಅತ್ಯುತ್ತಮ ಹಾಸ್ಯ ಧಾರಾವಾಹಿಯ ಎಮ್ಮಿ ಪ್ರಶಸ್ತಿ ಬಂತು. 115 ಕಂತುಗಳ ನಂತರ, 1993ರ ಮೇ 12ರಂದು ಕಥೆ ಮುಗಿದಾಗ ಡಾನಿಕಾ ಅವರಿಗೆ ಹದಿನೆಂಟು. ಹದಿಮೂರರಿಂದ ಹದಿನೆಂಟರವರೆಗೆ, ಎಂದರೆ ಒಬ್ಬ ಹುಡುಗಿ ತಾನು ಯಾರೆಂದು ತಾನೇ ತಡಕಾಡುವ ವಯಸ್ಸಿನಲ್ಲಿ, ಕೋಟಿಗಟ್ಟಲೆ ಜನ ಅವರನ್ನು ಇನ್ನೊಬ್ಬಳ ಹೆಸರಿನಿಂದ ಗುರುತಿಸಿದರು.

ಮೊದಲ ಕಂತಿನ ಕೊನೆಯ ದೃಶ್ಯವನ್ನು ನೆನಪಿಸಿಕೊಳ್ಳಿ. ವಿಯೆಟ್ನಾಂ ಯುದ್ಧದಲ್ಲಿ ವಿನ್ನಿಯ ಅಣ್ಣ ಬ್ರಯಾನ್ ಸತ್ತ ಸುದ್ದಿ ಬಂದಿದೆ. ಕಾಡಿನ ಬಂಡೆಯೊಂದರ ಮೇಲೆ ಒಬ್ಬಳೇ ಕೂತ ಹುಡುಗಿಯ ಹೆಗಲಿಗೆ ಕೆವಿನ್ ತನ್ನ ಜಾಕೆಟ್ ಹೊದಿಸುತ್ತಾನೆ, ಇಬ್ಬರೂ ಹಿಂಜರಿಯುತ್ತಲೇ ಒಂದು ಮುತ್ತು ಕೊಡುತ್ತಾರೆ. ಚಿತ್ರೀಕರಣದ ಹೊತ್ತಿಗೆ ಡಾನಿಕಾ ಅವರಿಗೆ ಹನ್ನೆರಡು, ಕೆವಿನ್ ಆಗಿದ್ದ ಫ್ರೆಡ್ ಸ್ಯಾವೇಜ್ ಅವರಿಗೆ ಹನ್ನೊಂದು. ಇಬ್ಬರ ನಿಜ ಜೀವನದಲ್ಲೂ ಅದೇ ಮೊದಲ ಮುತ್ತು. ಆ ದೃಶ್ಯದಲ್ಲಿ ವಿನ್ನಿ ಹೆಚ್ಚುಕಡಿಮೆ ಮಾತೇ ಆಡುವುದಿಲ್ಲ. ನಮಗೆ ಕೇಳಿಸುವುದು ಬೆಳೆದು ದೊಡ್ಡವನಾದ ಕೆವಿನ್‌ನ ದನಿ. ನಟ ಡ್ಯಾನಿಯಲ್ ಸ್ಟರ್ನ್ ಆ ದನಿ ಕೊಟ್ಟಿದ್ದರು. ಆರು ಋತುಗಳ ಉದ್ದಕ್ಕೂ ಇದೇ ಏರ್ಪಾಡು. ನಾವು ಕಂಡದ್ದು ಕೆವಿನ್‌ನ ನೆನಪಿನಲ್ಲಿ ಉಳಿದ ವಿನ್ನಿಯನ್ನು. ಅವಳ ಮನಸ್ಸಿನೊಳಕ್ಕೆ ಕಥೆ ನಮ್ಮನ್ನು ಬಿಟ್ಟದ್ದು ಕಡಿಮೆ. ಕೊನೆಯ ಕಂತಿನಲ್ಲೂ ಅವಳು ಕಲೆಯ ಇತಿಹಾಸ ಓದಲು ಪ್ಯಾರಿಸ್‌ಗೆ ಹೋದಳು, ತಾನು ಇನ್ನೊಬ್ಬಳನ್ನು ಮದುವೆಯಾದೆ ಎಂಬುದನ್ನೆಲ್ಲ ಅವನ ಬಾಯಿಂದಲೇ ಕೇಳುತ್ತೇವೆ. ಆಮೇಲಿನ ಡಾನಿಕಾ ಅವರ ದಾರಿಯನ್ನು ಅರ್ಥ ಮಾಡಿಕೊಳ್ಳಲು ಈ ಅಂಶ ಮುಖ್ಯವೆಂದು ನನಗೆ ಅನ್ನಿಸುತ್ತದೆ.

ಪ್ರಶ್ನೆ: ಅವಕಾಶಗಳು ನಿಂತುಹೋದ ಮೇಲೆ ಬೇರೆ ದಾರಿ ಕಾಣದೆ ಗಣಿತಕ್ಕೆ ಹೋದರೆ, ಅಥವಾ ಮೊದಲಿನಿಂದಲೂ ಅದೇ ಆಸೆಯಿತ್ತೆ? (ಹುಬ್ಬಳ್ಳಿಯ ಓದುಗರು)

ಉತ್ತರ: ಎರಡೂ ಅಲ್ಲ. ಧಾರಾವಾಹಿ ಮುಗಿದ ಮೇಲೆ ಅವರು ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯಕ್ಕೆ, ಎಂದರೆ ಯುಸಿಎಲ್ಎಗೆ ಸೇರಿದರು. ಶಾಲೆಯಲ್ಲಿ ಗಣಿತ ಚೆನ್ನಾಗಿಯೇ ಬರುತ್ತಿತ್ತು, ಆದರೆ ಕಾಲೇಜಿನ ಗಣಿತ ತನ್ನಂಥವಳಿಗಲ್ಲ ಎಂಬ ಅಳುಕು ಅವರಿಗಿತ್ತು. ಆ ದಿನಗಳ ಒಂದು ಪ್ರಸಂಗವನ್ನು ಅವರು ಸಂದರ್ಶನಗಳಲ್ಲಿ ಹೇಳಿಕೊಂಡಿದ್ದಾರೆ. ಕಲನಶಾಸ್ತ್ರದ ತರಗತಿಯ ಪರೀಕ್ಷೆಯೊಂದರಲ್ಲಿ ತಾನು ನಪಾಸಾದೆನೆಂದೇ ಅವರು ತಿಳಿದಿದ್ದರು. ಅಂಕಗಳು ಬಂದಾಗ ತರಗತಿಯವರೆಲ್ಲರದೂ ಕಡಿಮೆಯೇ ಇತ್ತು, ಎಲ್ಲರಿಗಿಂತ ಹೆಚ್ಚಿನ ಅಂಕ ಇವರದಾಗಿತ್ತು. ಸ್ವಲ್ಪ ಸಮಯದಲ್ಲೇ ಹುಡುಗನೊಬ್ಬ ಬಂದು ನೀನು ಆ ಹುಡುಗಿಯಲ್ಲವೇ ಎಂಬಂತೆ ಮಾತು ತೆಗೆದ. ವಿನ್ನಿಯ ವಿಚಾರವೇ ಬಂತು ಎಂದು ಇವರು ಉತ್ತರಕ್ಕೆ ಸಿದ್ಧವಾದರೆ, ಅವನು ಕೇಳಿದ್ದು ಪರೀಕ್ಷೆಯ ಅಂಕದ ಬಗ್ಗೆ. ಟಿವಿಯ ಹೊರಗಿನ ಕಾರಣಕ್ಕೆ ಅಪರಿಚಿತನೊಬ್ಬ ತನ್ನನ್ನು ಗುರುತು ಹಿಡಿದ ಆ ಗಳಿಗೆ ಅವರಿಗೆ ಬಹಳ ದೊಡ್ಡದಾಗಿ ಕಂಡಿತು.

ದಾರಿ ಕಾಣದೆ ಗಣಿತಕ್ಕೆ ಹೋದರು ಎನ್ನುವುದು ಆದ್ದರಿಂದ ಸರಿಯಲ್ಲ. ಕೆವಿನ್‌ನ ನೆನಪಿನಲ್ಲಿ ವಿನ್ನಿ ಹೇಗಿರಬೇಕೆಂದು ಬರೆಯುವವರು ಬೇರೆ, ಅವಳನ್ನು ಪ್ರೀತಿಸುವ ಪ್ರೇಕ್ಷಕರೂ ಬೇರೆ. ನಡುವೆ ನಟಿಯ ಪಾಲು ಎಷ್ಟೆಂದು ಹದಿಹರೆಯದಲ್ಲಿ ಲೆಕ್ಕ ಹಾಕುವುದು ಕಷ್ಟ. ಪರೀಕ್ಷೆಯ ಹಾಳೆಯ ಮೇಲೆ ಬರೆದ ಉತ್ತರದಲ್ಲಾದರೆ ಆ ತಕರಾರು ಇಲ್ಲ. ತನ್ನ ಬೆಲೆ ವಿನ್ನಿಯಿಂದಷ್ಟೇ ಬಂದುದಲ್ಲ ಎಂಬ ಧೈರ್ಯ ಗಣಿತದಿಂದ ಸಿಕ್ಕಿತೆಂಬ ಅರ್ಥದಲ್ಲಿ ಅವರೇ ಹಲವು ಬಾರಿ ಮಾತನಾಡಿದ್ದಾರೆ. 1998ರಲ್ಲಿ ಅತ್ಯುನ್ನತ ಶ್ರೇಣಿಯೊಂದಿಗೆ ಗಣಿತದಲ್ಲಿ ಪದವಿ ಪಡೆದರು, ಪಡೆದ ಮೇಲೆ ಮತ್ತೆ ಅಭಿನಯಕ್ಕೇ ಮರಳಿದರು. ಬಹಳಷ್ಟು ಲೇಖನಗಳು ಈ ಕೊನೆಯ ಮಾತನ್ನು ನುಂಗಿಬಿಡುತ್ತವೆ, ಯಾಕೆಂದರೆ ‘ನಟನೆ ಬಿಟ್ಟು ಗಣಿತ ಹಿಡಿದ ತಾರೆ’ ಎಂಬ ಶೀರ್ಷಿಕೆ ಆಗ ನಿಲ್ಲುವುದಿಲ್ಲ.

ಪ್ರಶ್ನೆ: ಆ ಪ್ರಮೇಯ ನಿಜವಾಗಿ ಏನು ಹೇಳುತ್ತದೆ? ಪ್ರಚಾರಕ್ಕಾಗಿ ಹೆಸರು ಸೇರಿಸಿದ್ದಲ್ಲ ತಾನೆ? (ಮಂಗಳೂರಿನ ಎಂಜಿನಿಯರಿಂಗ್ ವಿದ್ಯಾರ್ಥಿ)

ಉತ್ತರ: ನಿಮ್ಮ ಅನುಮಾನ ಸಹಜವೇ. ಆದರೆ ಅಂಥದ್ದೇನೂ ನಡೆದಿಲ್ಲ. ಯುಸಿಎಲ್ಎಯ ಪ್ರಾಧ್ಯಾಪಕ ಲಿಂಕನ್ ಚೇಯ್ಸ್ ಅವರು ಡಾನಿಕಾ ಮತ್ತು ಬ್ರ್ಯಾಂಡಿ ವಿನ್ ಎಂಬ ಇಬ್ಬರು ಪದವಿ ವಿದ್ಯಾರ್ಥಿನಿಯರಿಗೆ ಒಂದು ಸಮಸ್ಯೆ ಕೊಟ್ಟು ಅವರೊಂದಿಗೆ ಕೆಲಸ ಮಾಡಿದರು. ಮೂವರ ಹೆಸರಿನ ಪ್ರಬಂಧ 1998ರಲ್ಲಿ ‘ಜರ್ನಲ್ ಆಫ್ ಫಿಸಿಕ್ಸ್ ಎ’ ಪತ್ರಿಕೆಯಲ್ಲಿ ಪ್ರಕಟವಾಯಿತು. ಚೇಯ್ಸ್–ಮೆಕೆಲರ್–ವಿನ್ ಪ್ರಮೇಯ ಎಂದು ಕರೆಯುವುದು ಅದನ್ನೇ.

ಅದರ ಸಾರಕ್ಕೆ ನಮ್ಮ ಅಡುಗೆಮನೆಯ ಕಾಫಿ ಫಿಲ್ಟರನ್ನೇ ನೆನೆಯಬಹುದು. ಪ್ರಬಂಧದಲ್ಲಿ ಬರುವ ‘ಪರ್ಕೊಲೇಷನ್’ ಎಂಬ ಶಬ್ದಕ್ಕೆ ಪುಡಿಯ ಮೂಲಕ ನೀರು ಇಳಿಯುವುದೆಂದೇ ಅರ್ಥ. ಪುಡಿಯನ್ನು ಒತ್ತಿ ಒತ್ತಿ ತುಂಬಿದರೆ ಡಿಕಾಕ್ಷನ್ ಇಳಿಯುವುದೇ ಇಲ್ಲ. ಬಿಸಿನೀರು ಮೇಲೆಯೇ ನಿಂತಿರುತ್ತದೆ. ಸ್ವಲ್ಪ ಸಡಿಲಿಸಿದರೆ ಒಂದು ಹಂತದಲ್ಲಿ ಮೇಲಿನಿಂದ ಕೆಳಗಿನವರೆಗೆ ಒಂದಕ್ಕೊಂದು ಕೂಡಿದ ಸಂದುಗಳ ದಾರಿ ತೆರೆದು ಹನಿ ಬೀಳತೊಡಗುತ್ತದೆ. ಈಗ ಫಿಲ್ಟರಿನ ಬದಲು ಎತ್ತ ನೋಡಿದರೂ ಕೊನೆಯಿಲ್ಲದ ಚೌಕುಳಿ ಹಾಸನ್ನು ಊಹಿಸಿಕೊಳ್ಳಿ. ಪ್ರತಿ ಬಿಂದುವಿನಲ್ಲೂ ಪುಟ್ಟದೊಂದು ಅಯಸ್ಕಾಂತವಿದ್ದು, ಪಕ್ಕದವನು ಇದ್ದಂತೆಯೇ ತಾನೂ ಇರಬೇಕೆಂದು ಅದು ಬಯಸುತ್ತದೆ. ಆಶ್ಕಿನ್–ಟೆಲ್ಲರ್ ಮಾದರಿ ಎಂಬ ಈ ವ್ಯವಸ್ಥೆಯಲ್ಲಿ ಒಂದೊಂದು ಬಿಂದುವೂ ನಾಲ್ಕು ಬಗೆಗಳಲ್ಲಿ ಯಾವುದಾದರೂ ಒಂದು ಬಗೆಯಲ್ಲಿ ಇರಬಹುದು. ಕಾವು ಹೆಚ್ಚಿದ್ದಾಗ ಎಲ್ಲವೂ ಅಡ್ಡಾದಿಡ್ಡಿ, ಇಡೀ ವ್ಯವಸ್ಥೆಗೆ ಇರುವುದು ಒಂದೇ ಸಮತೋಲ ಸ್ಥಿತಿ. ಕಾವು ಇಳಿದಾಗ ಯಾವುದೋ ಒಂದು ಬಗೆ ಮೇಲುಗೈ ಪಡೆಯುತ್ತದೆ. ಯಾವುದು ಗೆಲ್ಲುತ್ತದೆ ಎಂಬುದರ ಮೇಲೆ ಸಮತೋಲ ಸ್ಥಿತಿಗಳೂ ಹಲವಾಗುತ್ತವೆ. ಹೀಗೆ ಹಲವು ಸ್ಥಿತಿಗಳು ಸಾಧ್ಯವಾಗುವುದಕ್ಕೂ, ಒಂದೇ ಬಗೆಯ ಬಿಂದುಗಳು ಒಂದಕ್ಕೊಂದು ಅಂಟಿಕೊಂಡು ಕೊನೆಯಿಲ್ಲದ ದಾರಿಯಾಗುವುದಕ್ಕೂ ನಂಟಿದೆಯೆ? ಆ ಮಾದರಿಗಳ ಒಂದು ವಲಯದಲ್ಲಿ ಒಂದಿದ್ದರೆ ಇನ್ನೊಂದು ಇದ್ದೇ ಇರುತ್ತದೆ, ಒಂದಿಲ್ಲದಿದ್ದರೆ ಇನ್ನೊಂದೂ ಇಲ್ಲ ಎಂದು ಮೂವರೂ ಸಾಧಿಸಿ ತೋರಿಸಿದರು. ಅಲ್ಲಿಯವರೆಗೆ ಎರಡು ಆಯಾಮದ ಜಾಲಗಳಲ್ಲಿ ಪಾಟ್ಸ್ ಮಾದರಿ ಎಂಬ ಸರಳ ವ್ಯವಸ್ಥೆಗಳಿಗೆ ಮಾತ್ರ ಈ ಫಲಿತಾಂಶ ಗೊತ್ತಿತ್ತು.

ಹಾಗಾದರೆ ಅವರನ್ನು ಗಣಿತಜ್ಞೆ ಎನ್ನಬಹುದೆ? ನಾನಾದರೆ ಆ ಪದವನ್ನು ಸ್ವಲ್ಪ ಹಿಡಿದು ಬಳಸುತ್ತೇನೆ. ಒಂದು ಗಟ್ಟಿ ಪ್ರಬಂಧದಲ್ಲಿ ಪಾಲುಗೊಂಡ ಪದವೀಧರೆ ಅವರು. ಸಂಶೋಧನೆಯನ್ನು ವೃತ್ತಿಯಾಗಿ ಮುಂದುವರಿಸಲಿಲ್ಲ, ಡಾಕ್ಟರೇಟ್ ಮಾಡಲಿಲ್ಲ. ಅವರ ಸಮಕಾಲೀನರಾದ, ‘ಬ್ಲಾಸಮ್’ ಧಾರಾವಾಹಿಯ ಮಯಿಮ್ ಬಿಯಾಲಿಕ್ ಅದೇ ಯುಸಿಎಲ್ಎಯಲ್ಲಿ 2007ರಲ್ಲಿ ನರವಿಜ್ಞಾನದ ಡಾಕ್ಟರೇಟ್ ಪಡೆದರು. ಆ ಮಟ್ಟಿಗೆ ಅವರ ದಾರಿ ಬೇರೆ. ಒಂದು ತಮಾಷೆಯ ಸಂಗತಿಯನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಂಗೇರಿಯ ಗಣಿತಜ್ಞ ಪಾಲ್ ಏರ್ಡಿಶ್ ಅವರಿಂದ ಸಹಲೇಖಕರ ಸರಪಳಿಯಲ್ಲಿ ಎಷ್ಟು ಹೆಜ್ಜೆ ದೂರ ಎಂದು ಗಣಿತದವರು ಎಣಿಸುತ್ತಾರೆ. ನಟ ಕೆವಿನ್ ಬೇಕನ್ ಅವರಿಂದ ಸಹನಟರ ಸರಪಳಿಯಲ್ಲಿ ಎಷ್ಟು ದೂರ ಎಂದು ಸಿನಿಮಾದವರು ಎಣಿಸುತ್ತಾರೆ. ಡಾನಿಕಾ ಅವರದು ಮೊದಲನೆಯದರಲ್ಲಿ 4, ಎರಡನೆಯದರಲ್ಲಿ 2, ಕೂಡಿದರೆ 6. ಎರಡು ಪಟ್ಟಿಗಳಲ್ಲೂ ಸ್ಥಾನ ಇರುವವರೇ ಕಡಿಮೆ.

ಪ್ರಶ್ನೆ: ಹೆಣ್ಣುಮಕ್ಕಳಿಗಾಗಿ ಅವರು ಗಣಿತದ ಪುಸ್ತಕಗಳನ್ನು ಬರೆದಿದ್ದಾರೆಂದು ಕೇಳಿದ್ದೇನೆ. ಇಪ್ಪತ್ತು ವರ್ಷಗಳಿಂದ ಪ್ರೌಢಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿರುವ ನನಗೆ ಅವುಗಳಿಂದ ಉಪಯೋಗವಾದೀತೆ? (ಶಿರಸಿಯ ಶಿಕ್ಷಕಿ)

ಉತ್ತರ: ಮೇಡಂ, ಪುಸ್ತಕಗಳಿಗಿಂತ ಹಿಂದಿನ ಕಥೆಯೊಂದಿದೆ, ಅದು ನಿಮಗೆ ಇಷ್ಟವಾಗಬಹುದು. ಕಾಲೇಜು ಮುಗಿಸಿದ ಮೇಲೆ ಡಾನಿಕಾ ತಮ್ಮ ಜಾಲತಾಣದಲ್ಲಿ ಓದುಗರು ಕಳುಹಿಸಿದ ಗಣಿತದ ಪ್ರಶ್ನೆಗಳಿಗೆ ಉತ್ತರ ಬರೆಯುತ್ತಿದ್ದರು. ಒಂದು ರೀತಿಯಲ್ಲಿ ನನ್ನದೇ ಕಸುಬು. ವ್ಯತ್ಯಾಸವೆಂದರೆ ಅವರ ಉತ್ತರಗಳನ್ನು ತಾಳೆ ನೋಡಬಹುದಿತ್ತು. 2000ರಲ್ಲಿ ಅಮೆರಿಕದ ಸಂಸತ್ತಿನ ಉಪಸಮಿತಿಯೊಂದರ ಮುಂದೆ ಹೆಣ್ಣುಮಕ್ಕಳು ಮತ್ತು ಗಣಿತದ ಬಗ್ಗೆ ಮಾತನಾಡಲು ಅವರನ್ನು ಕರೆದರು. ಮಾಧ್ಯಮಿಕ ಶಾಲೆಯ ಹಂತದಲ್ಲಿ ಹುಡುಗಿಯರು ಗಣಿತದಿಂದ ದೂರ ಸರಿಯುತ್ತಾರೆ ಎಂಬ ವಿಷಯವೇ ಮುಂದೆ ಅವರ ಬರವಣಿಗೆಯ ಬೆನ್ನೆಲುಬಾಯಿತು. 2007ರಲ್ಲಿ ‘ಮ್ಯಾಥ್ ಡಸಂಟ್ ಸಕ್’ ಬಂತು, ಆಮೇಲೆ 2008, 2010 ಮತ್ತು 2012ರಲ್ಲಿ ಬೀಜಗಣಿತದ ಪೂರ್ವಪಾಠ, ಬೀಜಗಣಿತ, ರೇಖಾಗಣಿತಗಳ ಮೇಲೆ ಒಂದೊಂದು. 2017ರಿಂದ ಪುಟ್ಟ ಮಕ್ಕಳಿಗಾಗಿ ಎಣಿಕೆಯ ಚಿತ್ರಪುಸ್ತಕಗಳನ್ನೂ ಬರೆಯುತ್ತಿದ್ದಾರೆ.

ಮೊದಲ ಪುಸ್ತಕದ ಹೊದಿಕೆ ನೋಡಿದರೆ ಹದಿಹರೆಯದ ಹುಡುಗಿಯರ ಫ್ಯಾಷನ್ ಪತ್ರಿಕೆ ಎಂದೇ ಅನ್ನಿಸಬೇಕು, ಹಾಗೆಯೇ ಮಾಡಿದ್ದಾರೆ. ಒಳಗೆ ರಾಶಿಭವಿಷ್ಯದ ಧಾಟಿಯ ಪುಟಗಳಿವೆ, ನೀವು ಎಂಥವರು ಎಂದು ಕೇಳುವ ಪ್ರಶ್ನಾವಳಿಗಳಿವೆ. ಲಿಪ್‌ಸ್ಟಿಕ್ಕು, ಶಾಪಿಂಗು, ಹುಡುಗರ ಮಾತು ಇಲ್ಲದೆ ಹುಡುಗಿಯರಿಗೆ ಗಣಿತ ರುಚಿಸುವುದಿಲ್ಲವೆ ಎಂದು ಟೀಕಿಸಿದವರಿದ್ದಾರೆ. ಆ ಆಕ್ಷೇಪಣೆಯನ್ನು ನಾನು ತಳ್ಳಿಹಾಕಲಾರೆ; ಕೆಲವು ಪುಟಗಳನ್ನು ಓದುವಾಗ ನನಗೂ ಮುಜುಗರವಾಯಿತು. ಆದರೆ ಗಣಿತದ ಪಾಠದ ಭಾಗಕ್ಕೆ ಬಂದಾಗ ಅಲ್ಲಿ ಸಡಿಲತೆ ಇಲ್ಲ. ಅಪವರ್ತನಗಳನ್ನು ಅವರು ಕೈಗೆ ಕಟ್ಟುವ ಮಣಿಸರದಿಂದ ಶುರು ಮಾಡುತ್ತಾರೆ. ಅದೇ ಜಾಡಿನಲ್ಲಿ ನಿಮ್ಮ ತರಗತಿಗೆ ಒಂದು ಉದಾಹರಣೆ ಮಾಡಿಕೊಳ್ಳೋಣ. ಹನ್ನೆರಡು ಮಣಿಗಳನ್ನು ಎರಡೆರಡಾಗಿ, ಮೂರು ಮೂರಾಗಿ, ನಾಲ್ಕು ನಾಲ್ಕಾಗಿ, ಆರಾರಾಗಿ ಬಣ್ಣ ಬದಲಿಸುತ್ತ ಪೋಣಿಸಬಹುದು, ಯಾವುದೂ ಉಳಿಯುವುದಿಲ್ಲ. ಏಳು ಮಣಿ ಕೊಟ್ಟು ನೋಡಿ. ಒಂದೊಂದಾಗಿ ಪೋಣಿಸಬೇಕು, ಇಲ್ಲವೇ ಏಳನ್ನೂ ಒಂದೇ ಬಣ್ಣದಲ್ಲಿ ಪೋಣಿಸಬೇಕು. ಅವಿಭಾಜ್ಯ ಸಂಖ್ಯೆ ಎಂಬುದು ಆಗ ಪಠ್ಯದ ವ್ಯಾಖ್ಯೆಯಾಗಿ ಉಳಿಯದೆ, ಹುಡುಗಿಯ ಬೆರಳಿಗೇ ಗೊತ್ತಾಗುತ್ತದೆ. ಇನ್ನು ಹನ್ನೆರಡು ಕೆಂಪು ಮಣಿ, ಹದಿನೆಂಟು ಹಸಿರು ಮಣಿ ಕೊಟ್ಟು, ಒಂದನ್ನೂ ಉಳಿಸದೆ ಒಂದೇ ಥರದ ಸರಗಳನ್ನು ಹೆಚ್ಚೆಂದರೆ ಎಷ್ಟು ಮಾಡಬಹುದು ಎಂದು ಕೇಳಿದರೆ, ಆರು ಎಂಬ ಉತ್ತರದೊಂದಿಗೆ ಮ.ಸಾ.ಅ. ತಾನಾಗಿಯೇ ಬಂದು ಕೂರುತ್ತದೆ. ಮ.ಸಾ.ಅ. ಯಾವುದು, ಲ.ಸಾ.ಅ. ಯಾವುದು ಎಂದು ಏಳನೇ ತರಗತಿಯಿಡೀ ತಿರುಗುಮುರುಗು ಮಾಡಿ ಕಿವಿ ಹಿಂಡಿಸಿಕೊಂಡ ನನಗೆ ಈ ಮಣಿಗಳು ಆಗ ಸಿಗಬೇಕಿತ್ತು.

ಪುಸ್ತಕಗಳು ಇಂಗ್ಲಿಷಿನಲ್ಲಿವೆ, ಅಲ್ಲಿನ ಹುಡುಗಿಯರ ಆಡುಮಾತಿನಲ್ಲಿವೆ. ನಿಮ್ಮ ವಿದ್ಯಾರ್ಥಿನಿಯರ ಕೈಗೆ ನೇರವಾಗಿ ಕೊಡುವ ಬದಲು ನೀವು ಓದಿ, ಉದಾಹರಣೆಗಳನ್ನು ನಿಮ್ಮೂರಿನ ವಸ್ತುಗಳಿಗೆ ಬದಲಿಸಿಕೊಂಡರೆ ಹೆಚ್ಚು ಪ್ರಯೋಜನ.

ಪ್ರಶ್ನೆ: ಈಗ ಅವರು ಏನು ಮಾಡುತ್ತಿದ್ದಾರೆ? (ಬೆಂಗಳೂರು, ದಾವಣಗೆರೆ, ವಿಜಯಪುರದ ಓದುಗರು)

ಉತ್ತರ: ಪದವಿಯ ನಂತರದ ವರ್ಷಗಳಲ್ಲಿ ‘ದಿ ವೆಸ್ಟ್ ವಿಂಗ್’ನಲ್ಲಿ ಎಲ್ಸಿ ಸ್ನಫಿನ್ ಆಗಿ ಕಾಣಿಸಿಕೊಂಡರು, ಹಲವು ಧಾರಾವಾಹಿಗಳಲ್ಲಿ ಅತಿಥಿ ಪಾತ್ರ ಮಾಡಿದರು, ‘ಯಂಗ್ ಜಸ್ಟಿಸ್’ ಎಂಬ ಆನಿಮೇಷನ್ ಸರಣಿಯಲ್ಲಿ ಮಿಸ್ ಮಾರ್ಷಿಯನ್‌ಗೆ ದನಿ ಕೊಟ್ಟರು. 2014ರಲ್ಲಿ ‘ಡ್ಯಾನ್ಸಿಂಗ್ ವಿತ್ ದಿ ಸ್ಟಾರ್ಸ್’ ಸ್ಪರ್ಧೆಯಲ್ಲಿ ಆರನೇ ಸ್ಥಾನ. 2015ರ ‘ಕ್ರೌನ್ ಫಾರ್ ಕ್ರಿಸ್‌ಮಸ್’ನಿಂದ ಹಾಲ್‌ಮಾರ್ಕ್ ವಾಹಿನಿಯ ಟಿವಿ ಚಿತ್ರಗಳಲ್ಲಿ ಅವರ ಎರಡನೆಯ ಇನಿಂಗ್ಸ್ ಶುರುವಾಯಿತು. ಹೋಟೆಲಿನ ಕೆಲಸ ಕಳೆದುಕೊಂಡ ಹುಡುಗಿ ಯುರೋಪಿನ ಅರಮನೆಯಲ್ಲಿ ರಾಜನ ಮಗಳಿಗೆ ಪಾಠ ಹೇಳಲು ಹೋಗುವ ಕಥೆ ಅದು. ಕೊನೆ ಏನಾಗುತ್ತದೆಂದು ನಾನು ಹೇಳಬೇಕಾಗಿಲ್ಲ. 2021ರಲ್ಲಿ ಈಗ ಗ್ರೇಟ್ ಅಮೆರಿಕನ್ ಫ್ಯಾಮಿಲಿ ಎನಿಸಿಕೊಂಡಿರುವ ವಾಹಿನಿಯೊಂದಿಗೆ ಒಪ್ಪಂದ ಮಾಡಿಕೊಂಡು ಅಲ್ಲಿಯೂ ಅಂಥದೇ ಚಿತ್ರಗಳನ್ನು ಮಾಡಿದರು. ವಿಮರ್ಶಕರು ಈ ಚಿತ್ರಗಳ ಕಡೆ ತಲೆಯೆತ್ತಿ ನೋಡುವುದಿಲ್ಲ. ಆದರೆ ನಲವತ್ತು ದಾಟಿದ ನಟಿಗೆ ವರ್ಷ ವರ್ಷವೂ ನಾಯಕಿಯ ಪಾತ್ರ, ಕೆಲವು ಕಡೆ ನಿರ್ಮಾಣದಲ್ಲೂ ಪಾಲು ಸಿಗುವ ಜಾಗ ಹಾಲಿವುಡ್‌ನಲ್ಲಿ ಹೆಚ್ಚಿಲ್ಲ. ಈ ಚಿತ್ರಗಳಲ್ಲಿ ಕಥೆ ಹೇಳುವುದು ಹೆಣ್ಣಿನ ಕಡೆಯಿಂದ ಎಂಬುದನ್ನೂ, ವಿನ್ನಿಯನ್ನು ನೆನೆದಾಗ, ನಾನು ಗಮನಿಸುತ್ತೇನೆ.

ಹಳೆಯ ಧಾರಾವಾಹಿಯ ಡಿವಿಡಿ ಬರಲು ಯಾಕೆ ತಡವಾಯಿತೆಂದು ಕೇಳಿದವರಿಗೆ ಒಂದೇ ಮಾತು: ಅದರಲ್ಲಿ ಬಳಸಿದ ಹಾಡುಗಳ ಹಕ್ಕು ಪಡೆಯುವುದೇ ಕಷ್ಟವಾಗಿ, ಪೂರ್ತಿ ಸಂಪುಟ 2014ರಲ್ಲಷ್ಟೇ ಬಂತು.

ಪ್ರಶ್ನೆ: ನನ್ನ ಮಗಳಿಗೆ ಹನ್ನೆರಡು ವರ್ಷ. ಕನ್ನಡ ಧಾರಾವಾಹಿಯೊಂದರಲ್ಲಿ ಪಾತ್ರಕ್ಕೆ ಕರೆ ಬಂದಿದೆ. ಡಾನಿಕಾ ಅವರ ವಿಷಯದಲ್ಲಿ ಓದು ಹಾಳಾಗದಿರಲು ಕಾರಣವೇನು? ನಾನು ಏನನ್ನು ನೋಡಿಕೊಳ್ಳಬೇಕು? (ತುಮಕೂರಿನ ತಾಯಿ)

ಉತ್ತರ: ಅವರ ಬುದ್ಧಿವಂತಿಕೆ, ಮನೆಯವರ ಎಚ್ಚರ ಇವೆರಡೂ ಕಾರಣವೇ. ಇವುಗಳ ಜೊತೆಗೆ ಕ್ಯಾಲಿಫೋರ್ನಿಯಾದ ಕಾಯಿದೆಯೂ ಬೆನ್ನಿಗಿತ್ತು. ಅಲ್ಲಿ ಶಾಲಾ ವಯಸ್ಸಿನ ನಟರಿಗೆ ಶಾಲೆಯ ದಿನಗಳಲ್ಲಿ ಚಿತ್ರೀಕರಣದ ಸ್ಥಳದಲ್ಲೇ ಮೂರು ಗಂಟೆ ಪಾಠವಾಗಬೇಕು, ಅದಕ್ಕೆ ಪ್ರಮಾಣೀಕೃತ ಶಿಕ್ಷಕರು ಇರಬೇಕು. ಹಣದ ವಿಷಯದಲ್ಲಿ ಅವರ ಕಾನೂನು ಹಳೆಯದು. ಮೂಕಿ ಚಿತ್ರಗಳ ಬಾಲತಾರೆ ಜಾಕಿ ಕೂಗನ್ ದೊಡ್ಡವರಾದ ಮೇಲೆ ತಮ್ಮ ಗಳಿಕೆಯೆಲ್ಲ ಕರಗಿರುವುದನ್ನು ಕಂಡು 1938ರಲ್ಲಿ ತಾಯಿ ಮತ್ತು ಮಲತಂದೆಯ ಮೇಲೆ ದಾವೆ ಹೂಡಿದ್ದರ ಫಲವಾಗಿ 1939ರಲ್ಲಿ ಅದು ಬಂತು. 2000ರಿಂದ ಜಾರಿಯಾದ ತಿದ್ದುಪಡಿಯಂತೆ ಮಗುವಿನ ಒಟ್ಟು ಗಳಿಕೆಯ ಶೇ 15ರಷ್ಟನ್ನು ಅದರ ಹೆಸರಿನಲ್ಲಿ ತೆಗೆದಿಡಬೇಕು.

ನಮ್ಮಲ್ಲೂ ನಿಯಮಗಳಿವೆ, ಕೇಳುವವರು ಕಡಿಮೆ ಅಷ್ಟೆ. 2016ರಲ್ಲಿ ಬಾಲಕಾರ್ಮಿಕ ಕಾಯಿದೆಗೆ ತಿದ್ದುಪಡಿಯಾಗಿ, 2017ರಲ್ಲಿ ಅದರ ನಿಯಮಗಳು ಬಂದವು. ಹದಿನಾಲ್ಕು ತುಂಬದ ಕಲಾವಿದರಿಗೆ ದಿನಕ್ಕೆ ಐದು ಗಂಟೆಗಿಂತ ಹೆಚ್ಚು ಕೆಲಸ ಮಾಡಿಸುವಂತಿಲ್ಲ, ಬಿಡುವಿಲ್ಲದೆ ಮೂರು ಗಂಟೆ ದಾಟುವಂತಿಲ್ಲ, ಸತತವಾಗಿ 27 ದಿನಕ್ಕಿಂತ ಹೆಚ್ಚು ಕರೆಯುವಂತಿಲ್ಲ. ಚಿತ್ರೀಕರಣ ನಡೆಯುವ ಜಿಲ್ಲೆಯ ಜಿಲ್ಲಾ ದಂಡಾಧಿಕಾರಿಯವರ ಅನುಮತಿಯನ್ನು ನಿರ್ಮಾಪಕರು ಪಡೆದಿರಬೇಕು. ಓದಿಗೆ ತೊಂದರೆಯಾಗದಂತೆ ಏರ್ಪಾಡು ಮಾಡುವುದೂ ಅವರದೇ ಹೊಣೆ. ಮಗುವಿನ ಗಳಿಕೆಯ ಕನಿಷ್ಠ ಶೇ 20ರಷ್ಟು ನೇರವಾಗಿ ರಾಷ್ಟ್ರೀಕೃತ ಬ್ಯಾಂಕಿನ ನಿಶ್ಚಿತ ಠೇವಣಿಗೆ ಹೋಗಬೇಕು, ಅದು ಅವಳ ಕೈಗೆ ಸಿಗುವುದು ಪ್ರಾಯಕ್ಕೆ ಬಂದ ಮೇಲೆಯೇ. ನಿಯಮದಲ್ಲಿ ಇನ್ನೊಂದು ಮಾತಿದೆ: ಮಗುವಿನ ಇಚ್ಛೆಗೆ ವಿರುದ್ಧವಾಗಿ ಭಾಗವಹಿಸುವಂತೆ ಮಾಡಬಾರದು. ಆದ್ದರಿಂದ ಮೊದಲು ಮಗಳನ್ನೇ ಕೇಳಿ. ಅವಳು ಒಪ್ಪಿದರೆ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಅನುಮತಿ ಪತ್ರದ ಪ್ರತಿಯನ್ನು ಕೇಳಿ ಪಡೆಯಿರಿ, ವಾರ್ಷಿಕ ಪರೀಕ್ಷೆಯ ದಿನಗಳನ್ನು ಒಪ್ಪಂದದಲ್ಲೇ ಬರೆಸಿ. ಮೊದಲ ಸಂಭಾವನೆ ಬಂದ ವಾರವೇ ಬ್ಯಾಂಕಿಗೆ ಹೋಗಿ, ಠೇವಣಿಯ ರಸೀದಿಯಲ್ಲಿ ಮಗಳ ಹೆಸರಿದೆಯೇ ಎಂದು ನೋಡಿಕೊಳ್ಳಿ.